ಬಂದು ಹೋದವರ ಡಬ್ಬಿ

ಕಳೆದ ವಾರ ಲಿಂಗಂಪಲ್ಲಿಯಿಂದ ಲೋಕಲ್ ರೈಲಿನಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಗುಲಾಬಿ ಬಣ್ಣದ ಬಬಲ್‌ಗಮ್ ಅಗಿಯುತ್ತಿದ್ದಳು. ಊದಿ ಗುಳ್ಳೆ ಮಾಡುವುದು, ಟಪ್ ಅಂತ ಒಡೆಯುವುದು, ಮತ್ತೆ ಅಗಿಯುವುದು. ಆ ಸಿಹಿ ವಾಸನೆ ಮೂಗಿಗೆ ಬಂದದ್ದೇ ತಡ ನನ್ನ ಅಂಗೈಗಳು ತಣ್ಣಗಾದವು. ಸೀರೆಯ ಮೇಲಿಂದಲೇ ಕೊರಳಿನ ಲಿಂಗವನ್ನು ಹಿಡಿದುಕೊಂಡೆ. ಹುಡುಗಿ ನನ್ನ ಮುಖ ನೋಡಿ, "ಆಂಟೀ, ವಾಂತಿ ಒಸ್ತುಂದಾ?" ಎಂದು ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಏನೂ ಇಲ್ಲಮ್ಮ ಎಂದೆ. ಏನೆಂದು ಹೇಳುವುದು? ಬಬಲ್‌ಗಮ್ಮಿನ ವಾಸನೆಗೆ ಹೆದರುವ ಹೆಂಗಸು ಇಡೀ ಹೈದರಾಬಾದಿನಲ್ಲಿ ನಾನೊಬ್ಬಳೇ ಇದ್ದೇನು.

ಆ ವಾಸನೆ ನಮ್ಮ ಮನೆಗೆ ಬಂದದ್ದು ಒಂದು ತಗಡಿನ ಬಿಸ್ಕತ್ತಿನ ಡಬ್ಬಿಯಲ್ಲಿ. ಆಗ ನಾವು ಕುಷಾಯಿಗೂಡದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇದ್ದೆವು. ಇವರು ಅಲ್ಲಿಯ ಸರ್ಕಾರಿ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯ ನೌಕರಿ ಬಿಟ್ಟು, ಅಮೀರಪೇಟೆಯ ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರಿನ ಹಳೇ ಭಾಷೆಯೊಂದನ್ನು ಕಲಿತು, ಒಂದು ಸಾಫ್ಟ್‌ವೇರ್ ಕಂಪನಿ ಸೇರಿದ್ದರು. ಎರಡು ಸಾವಿರನೇ ಇಸವಿ ಬಂದಾಗ ಕಂಪ್ಯೂಟರುಗಳು ವರ್ಷ ಮರೆತು ನಿಂತುಬಿಡುತ್ತವೆ ಎಂದು ಜಗತ್ತೆಲ್ಲ ಹೆದರಿದ್ದ ಕಾಲ. ಹಾಗೆ ಮರೆಯದಂತೆ ಮಾಡುವ ಕೆಲಸ ಇವರದು. ಒಂದು ಚಳಿಗಾಲ ಪೂರ್ತಿ ಅಮೆರಿಕದ ಯಾವುದೋ ಸಣ್ಣ ಊರಿನ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡಿ ಯುಗಾದಿಗೆ ವಾಪಸು ಬಂದರು. ಜೊತೆಗೆ ಹೋದವರೆಲ್ಲ ಕ್ಯಾಮರಾ, ಸೆಂಟು, ಚಾಕಲೇಟು ತಂದರು. ಇವರು ಆ ಡಬ್ಬಿ ತಂದರು.

ಒಳಗೆ ಕಾರ್ಡುಗಳಿದ್ದವು. ಇಸ್ಪೀಟ್ ಎಲೆಗಿಂತ ತುಸು ದೊಡ್ಡವು, ದಪ್ಪ ಕಾಗದದವು. ಒಂದು ಬದಿಗೆ ಟೊಪ್ಪಿಗೆ ಹಾಕಿಕೊಂಡು ಬ್ಯಾಟು ಹಿಡಿದ ಹುಡುಗನ ಫೋಟೋ, ಹಿಂದೆ ಸಣ್ಣ ಅಕ್ಷರದಲ್ಲಿ ಅವನ ಹೆಸರು, ಎತ್ತರ, ತೂಕ, ಊರು, ಎಷ್ಟು ಆಟ ಆಡಿದ ಎಂಬುದು. ಬೇಸ್‌ಬಾಲ್ ಅಂತ ಅಲ್ಲಿಯವರ ಆಟ. ಬಬಲ್‌ಗಮ್ಮಿನ ಪೊಟ್ಟಣದೊಳಗೆ ಈ ಕಾರ್ಡು ಇಟ್ಟು ಮಾರುತ್ತಿದ್ದರಂತೆ. ಎಷ್ಟು ವರ್ಷವಾದರೂ ಗಮ್ಮಿನ ವಾಸನೆ ಅವಕ್ಕೆ ಅಂಟಿಕೊಂಡೇ ಇತ್ತು.

"ಇವರೆಲ್ಲ ಭಾಳ ದೊಡ್ಡ ಆಟಗಾರರೇನ್ರಿ?" ಎಂದು ಕೇಳಿದೆ.

"ಅಲ್ಲ," ಎಂದರು ಇವರು. "ದೊಡ್ಡವರ ಕಾರ್ಡಿಗೆ ಜನ ಹೊಡದಾಡ್ತಾರ. ಇವರು ಯಾರಿಗೂ ಬ್ಯಾಡಾದವರು. ಸಣ್ಣಂದಿನಿಂದ ಬೆವರು ಸುರಿಸಿ ದೊಡ್ಡ ಮೈದಾನಕ್ಕ ಬಂದ್ರು, ಒಂದ್ ಆಟ, ಭಾಳ ಅಂದ್ರ ಎರಡು. ಮತ್ತ ಯಾರೂ ಕರೀಲಿಲ್ಲ. ಈ ಹುಡುಗನ್ನ ನೋಡು. ಒಂದ ದಿನ ನಿಂತಿದ್ದ. ಅವನ ಕಡೆ ಚೆಂಡ ಬರಲಿಲ್ಲ. ಅಷ್ಟೊತ್ತಿಗೆ ಆಟ ಮುಗೀತು."

ಬ್ಯಾಂಕಿನಲ್ಲಿ ಇವರ ಪಕ್ಕದ ಮೇಜಿನಲ್ಲಿ ವಾಲ್ಟರ್ ಅಂತ ಒಬ್ಬ ಮುದುಕ ಇದ್ದನಂತೆ. ಅಂಥವರ ಕಾರ್ಡುಗಳನ್ನೇ ಹುಡುಕಿ ಹುಡುಕಿ ಕೂಡಿಡುವುದು ಅವನ ಹವ್ಯಾಸ. ತನ್ನ ಹತ್ತಿರ ಎರಡೆರಡು ಇದ್ದವನ್ನು ಇವರಿಗೆ ಕೊಟ್ಟಿದ್ದ. ಇವರು ಊರಿಗೆ ಬಂದ ಮೇಲೂ ಆಗಾಗ ಪೋಸ್ಟಿನಲ್ಲಿ ಕಳಿಸುತ್ತಿದ್ದ. ಇವರೂ ಅವನಿಗೆ ಹೈದರಾಬಾದಿನ ಚಿತ್ರದ ಕಾರ್ಡು ಕಳಿಸುವರು.

ಒಂದು ಭಾನುವಾರ ಇವರು ಕಪ್ಪು ಸ್ಕೆಚ್ ಪೆನ್ನು ತೆಗೆದುಕೊಂಡು ಡಬ್ಬಿಯ ಮುಚ್ಚಳದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು: ಬಂದು ಹೋದವರು.

ನಮ್ಮ ಕಡೆ ಮನೆಯಿಂದ ಹೊರಡುವಾಗ ಯಾರೂ 'ಹೋಗ್ತೀನಿ' ಎನ್ನುವುದಿಲ್ಲ, 'ಬರ್ತೀನಿ' ಎನ್ನುತ್ತೇವೆ. ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಕುಂಕುಮ ತೀರಿದರೆ ಹೆಚ್ಚಾಗೈತಿ ಎನ್ನುತ್ತೇವೆ. ಹೋದರು ಎಂಬ ಮಾತು ಹಿಂತಿರುಗದವರಿಗೆ ಮಾತ್ರ. ನಮ್ಮ ಮನೆಯಲ್ಲಿ ಹಾಗೆ ಹೋದವನು ಒಬ್ಬನಿದ್ದ. ಅದಕ್ಕೆ ಎರಡು ವರ್ಷ ಹಿಂದೆ ನನಗೆ ಗಂಡುಮಗು ಹುಟ್ಟಿತ್ತು. ಬೆಳಿಗ್ಗೆ ಬಂದವನು ದೀಪ ಹಚ್ಚುವ ಹೊತ್ತಿಗೆ ಹೋದ. ತೊಟ್ಟಿಲಿಗೆ ಹಾಕಲಿಲ್ಲ, ಹೆಸರಿಡಲಿಲ್ಲ, ಒಂದು ಫೋಟೋ ಕೂಡ ಇಲ್ಲ. ಅವನ ಸುದ್ದಿಯನ್ನು ನಾವಿಬ್ಬರೂ ಮತ್ತೆ ಎತ್ತಿರಲಿಲ್ಲ.

"ಇಂಥಾ ಮಾತು ಬರೀತಾರೇನ್ರಿ?" ಎಂದೆ.

"ಇದ್ದದ್ದ ಬರದೀನಿ."

"ಹೋದವರು ಅಂದ್ರ ಏನಂತ ನಿಮಗ ಗೊತ್ತಿಲ್ಲೇನು?"

"ಗೊತ್ತೈತಿ, ಗಿರಿಜಾ," ಎಂದರು. ತಲೆ ಎತ್ತಲಿಲ್ಲ.

ಜ್ಯೇಷ್ಠದಲ್ಲಿ ನಾನು ಮತ್ತೆ ಬಸುರಿ ಎಂದು ಗೊತ್ತಾಯಿತು. ಶಿವ ಎರಡನೇ ಸಲ ಕಣ್ಣು ತೆರೆದ ಎಂದು ಕೈ ಮುಗಿದೆ. ಮುಗಿದ ಕೈ ಬಿಡಿಸುವ ಮೊದಲೇ ಹೆದರಿಕೆ ಹತ್ತಿತು. ಆ ಮೊದಲನೆಯವನನ್ನು ಹೊತ್ತಾಗ ಹೆದರಿಕೆ ಎಂದರೆ ಗೊತ್ತಿರಲಿಲ್ಲ. ಈಗ ಮೆಟ್ಟಿಲು ಇಳಿಯಲು ಹೆದರಿಕೆ, ಕೆಮ್ಮಲು ಹೆದರಿಕೆ, ಹೊಟ್ಟೆಯ ಮೇಲೆ ಕೈ ಇಟ್ಟು ಅದು ಅಲುಗುವ ತನಕ ಉಸಿರು ಬಿಡಲು ಹೆದರಿಕೆ. ಇಂಥದ್ದರಲ್ಲಿ ಗೋಡೆಯಲ್ಲಿನ ದೇವರ ಮಾಡದ ಕೆಳಗಿನ ಗೂಡಿನಲ್ಲಿ ಆ ಡಬ್ಬಿ. ಒಂದು ದಿನ ಬಂದು ಹೋದವರೆಲ್ಲ ನಗುಮುಖ ಮಾಡಿಕೊಂಡು ಅದರೊಳಗೆ ಸಾಲಾಗಿ ಕೂತಿದ್ದಾರೆ. ಬರುವ ಜೀವವನ್ನೂ ತಮ್ಮ ಸಾಲಿಗೆ ಕರೆಯುತ್ತಾರೆ ಎಂದು ನನಗೆ ಅನಿಸಿತು. ಓದಿದವರಿಗೆ ನಗು ಬರಬಹುದು. ನನಗೆ ನಿದ್ದೆ ಬರುತ್ತಿರಲಿಲ್ಲ.

"ಒಗೀರಿ ಅನ್ನಂಗಿಲ್ಲ ನಾ," ಎಂದೆ ಇವರಿಗೆ. "ನಿಮ್ಮ ಜೀವ ಅದರಾಗ ಐತಿ, ಕಾಣತೈತಿ. ಆದ್ರ ಹೊಸ್ತಿಲ ಹೊರಗ ಇಡ್ರಿ. ಕೂಸು ಬಂದು ಗಟ್ಟಿ ಆಗೋತನ ಒಳಗ ಬ್ಯಾಡ."

ಇವರು ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ, ಮೆಟ್ಟಿಲಿನ ಅಡಿಯಲ್ಲಿ ಇಟ್ಟರು. ವಾಲ್ಟರನ ಲಕೋಟೆ ಬಂದ ದಿನ ಅಲ್ಲೇ ಬಗ್ಗಿ ನಿಂತು, ಹೊಸ ಕಾರ್ಡಿನ ಹಿಂದೆ ಮುಂದೆ ಓದಿ, ಒಳಗಿಟ್ಟು ಮೇಲೆ ಬರುವರು. ನಾನು ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ಗಮ್ಮಿನ ವಾಸನೆ ಬಂದಂತಾಗಿ ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ವಾಸನೆ ನಿಜವಾಗಿ ಅಲ್ಲಿತ್ತೋ ನನ್ನ ತಲೆಯಲ್ಲಿತ್ತೋ ಗೊತ್ತಿಲ್ಲ.

ಡಾಕ್ಟರು ದೂರದ ಪ್ರಯಾಣ ಬೇಡವೆಂದರು. ಹಾಗಾಗಿ ತವರಿಗೆ ಹೋಗಲಿಲ್ಲ. ದೀಪಾವಳಿ ಮುಗಿಸಿಕೊಂಡು ನಮ್ಮತ್ತೆ ಗುರವ್ವ ಮುದ್ದೇಬಿಹಾಳದ ಕಡೆಯ ನಮ್ಮ ಹಳ್ಳಿಯಿಂದ ಬಸ್ಸು ಹಿಡಿದು ಬಂದರು. ಸಜ್ಜೆ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಅಂಟಿನುಂಡೆ, ಜೊತೆಗೆ ಒಂದು ಹಳೇ ಕುಂಚಿಗೆ. ಕುಂಚಿಗೆ ಎಂದರೆ ಎಳೆಕೂಸಿನ ತಲೆಯಿಂದ ಬೆನ್ನಿನವರೆಗೆ ಬೆಚ್ಚಗೆ ಮುಚ್ಚುವ ಟೊಪ್ಪಿಗೆ. ಇವರು ಕೂಸಾಗಿದ್ದಾಗ ಹಾಕಿದ್ದೇ ಅದು. ಅತ್ತೆಗೆ ಓದು ಬರುತ್ತಿರಲಿಲ್ಲ, ಕಣ್ಣು ಮಾತ್ರ ಚುರುಕು. ಬಂದ ಮೂರನೇ ದಿನವೇ ಮಗನನ್ನು ಹಿಡಿದರು.

"ಏನೋ ಮಲ್ಲೂ, ಕೆಳಗ ಡಬ್ಬಿ ಮುಂದ ನಿಂತು ಪೂಜಿ ಮಾಡಿದಂಗ ಮಾಡ್ತಿಯಲ್ಲ, ಏನೈತಿ ಅದರಾಗ?"

"ಆಟಗಾರರ ಚಿತ್ರ, ಅವ್ವಾ."

"ಗೆದ್ದವರೇನು?"

"ಅಲ್ಲ. ಒಂದೊಂದ ದಿನ ಆಡಿದವರು."

"ಅಂಥವರ ಚಿತ್ರ ಯಾರು ಇಟ್ಕೋತಾರೋ?"

"ಯಾರೂ ಇಟ್ಕೊಳ್ಳಂಗಿಲ್ಲ. ಅಲ್ಲಿ ಹುಡುಗರು ಗಮ್ ತಿಂದು ಇವನ್ನ ಕಸದಾಗ ಒಗೀತಾರ."

"ಮತ್ತ ನೀ?"

"ನಾ ಆರಿಸ್ಕೊಂಡು ಬಂದೀನಿ."

ಅತ್ತೆ ನನ್ನ ಕಡೆ ತಿರುಗಿ, "ನಿನ್ನ ಗಂಡಗ ಅಮೆರಿಕಾದಾಗ ಚಿಂದಿ ಆಯೋ ಕೆಲಸ ಕೊಟ್ಟಿದ್ರೇನವ್ವ?" ಎಂದು ನಕ್ಕರು. ನಾನು ನಗಲಿಲ್ಲ.

ಏಳನೇ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ಹಸಿರು ಬಳೆ ತೊಡಿಸಿದರು. ಬಳೆಯ ಸದ್ದಿಗೂ ಹೆದರುತ್ತ ನಾಲ್ಕು ದಿನ ಓಡಾಡಿದೆ. ಐದನೇ ದಿನ ರೊಟ್ಟಿ ತಟ್ಟುವಾಗ ಕಾಲಡಿ ನೀರಾಯಿತು. ಕೊಡ ಚೆಲ್ಲಿತೇನೋ ಎಂದು ನೋಡಿದೆ. ಕೊಡ ನೆಟ್ಟಗೆ ಇತ್ತು.

ಹೆಣ್ಣುಮಗು. ಎರಡು ಅಂಗೈ ಜೋಡಿಸಿದರೆ ಸಾಕು, ಅಷ್ಟೇ. ಅಳಲಿಲ್ಲ, ಬೆಕ್ಕಿನ ಮರಿಯಂತೆ ಒಂದು ಸಣ್ಣ ಸದ್ದು ಮಾಡಿತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಅಮ್ಮಂದಿರು ಹಾಲು ಕೊಡುವ ಹೊತ್ತಿಗೆ ಮಾತ್ರ ಹಸಿರು ನಿಲುವಂಗಿ ಹಾಕಿಕೊಂಡು ಒಳಗೆ ಹೋಗಬಹುದು. ಉಳಿದ ಹೊತ್ತು ವರಾಂಡದ ಬೆಂಚು.

ತಿಂಗಳು ತುಂಬದ ಕೂಸುಗಳಿಗೆ ಒಂದು ಕಾಯಿಲೆ ಇದೆ ಎಂದು ಅಲ್ಲಿ ಗೊತ್ತಾಯಿತು. ಅವು ಉಸಿರಾಡುವುದನ್ನು ಮರೆಯುತ್ತವೆ. ಚೆನ್ನಾಗಿಯೇ ಮಲಗಿರುತ್ತದೆ, ಎದೆ ಏರಿ ಇಳಿಯುತ್ತಿರುತ್ತದೆ, ಇದ್ದಕ್ಕಿದ್ದಂತೆ ಏರುವುದೇ ಇಲ್ಲ. ಆಗ ನರ್ಸು ಪೆಟ್ಟಿಗೆಯ ದುಂಡು ಕಿಂಡಿಯಲ್ಲಿ ಕೈ ಹಾಕಿ ಅಂಗಾಲಿಗೆ ಬೆರಳಿನಿಂದ ಟಕ್ ಅಂತ ಹೊಡೆಯುತ್ತಾಳೆ. ನೆನಪು ಮಾಡಿಕೊಟ್ಟ ಹಾಗೆ. ಕೂಸಿಗೆ ನೆನಪಾಗುತ್ತದೆ. ಮೊದಲ ಸಲ ನೋಡಿದಾಗ ನನ್ನ ಉಸಿರೂ ನಿಂತಿತ್ತು. ಹಾಲು ಹಿಂಡಿ ಬಟ್ಟಲಲ್ಲಿ ಕೊಟ್ಟು, ಆ ಪುಟ್ಟ ಎದೆಯನ್ನೇ ನೋಡುತ್ತ, ಏರವ್ವ, ಏರು, ಎಂದು ಮನಸ್ಸಿನಲ್ಲೇ ಅನ್ನುವೆ. ಎಲ್ಲ ದೇವರ ಹೆಸರೂ ಮರೆತು ಅದೊಂದೇ ಮಂತ್ರವಾಗಿತ್ತು.

ಡಾಕ್ಟರಮ್ಮ ಸಮಾಧಾನದ ಹೆಂಗಸು. ಸುಳ್ಳು ಧೈರ್ಯ ಹೇಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ನೋಡಿ, "ಆಜ್ ಕಾ ದಿನ್ ದೇಖೇಂಗೆ," ಎನ್ನುವರು. ಇವತ್ತಿನ ದಿನ ನೋಡೋಣ. ಆ ಮಾತಿಗೇ ನನಗೆ ನಡುಕ. ಒಂದು ದಿನ, ಮತ್ತೊಂದು ದಿನ. ಪೆಟ್ಟಿಗೆಯ ತಲೆಯ ಕಡೆ ಒಂದು ದಪ್ಪ ಕಾಗದದ ಚೀಟಿ ಸಿಕ್ಕಿಸಿದ್ದರು. ಗಿರಿಜಾ ಅವರ ಮಗು. ಹೆಸರಿಲ್ಲ. ತೂಕ, ಬಂದ ದಿನ, ಅಷ್ಟೇ. ಅದನ್ನು ನೋಡಿದಾಗ ನನಗೆ ಗಮ್ಮಿನ ವಾಸನೆ ಬಂತು. ಔಷಧದ ವಾಸನೆಯ ಆ ಕೋಣೆಯಲ್ಲಿ, ಖಂಡಿತವಾಗಿ ಬಂತು. ನಿಲುವಂಗಿ ಹಾಕಿಕೊಂಡೇ ಹೊರಗೆ ಓಡಿಬಂದು ಗೋಡೆ ಹಿಡಿದು ನಿಂತೆ.

ಆದರೂ ಹೇಳಬೇಕಾದ್ದು ಹೇಳಬೇಕು. ನನಗೆ ಹಾಲು ಚೆನ್ನಾಗಿ ಬಂತು, ಅದು ಶಿವನ ದಯೆ. ಬೆಂಚಿನ ಮೇಲೆ ಬೆಳಗಿನ ಬಿಸಿಲು ಬೀಳುತ್ತಿತ್ತು. ಅತ್ತೆಯ ಸಜ್ಜೆ ರೊಟ್ಟಿ ಬೂಸು ಹಿಡಿಯದೆ ಉಳಿಯಿತು. ಆಮೇಲೆ ಅಲ್ಲಿ ಕಸ ಗುಡಿಸುವ ಆಯಾ ಒಬ್ಬಳು ಸಿಕ್ಕಳು. ಎತ್ತರದ ಗಟ್ಟಿ ಹೆಂಗಸು. ನಾನು ಅತ್ತಾಗ ಸಮಾಧಾನ ಹೇಳಲು ಬರಲಿಲ್ಲ. ಪೊರಕೆ ಬದಿಗಿಟ್ಟು ಪಕ್ಕದಲ್ಲಿ ಕೂತು ಎಲೆ ಅಡಿಕೆ ಮಡಚಿ ಬಾಯಿಗಿಟ್ಟುಕೊಂಡಳು. ಅತ್ತೆ ತಮ್ಮ ಕನ್ನಡದಲ್ಲಿ ಅವಳ ಹೆಸರು ಕೇಳಿದರು. ಅವಳು ತೆಲುಗಿನಲ್ಲಿ, "ಪೆಂಟಮ್ಮ," ಎಂದಳು.

ಅತ್ತೆ ಅರ್ಥ ಕೇಳಿದರು. ಪೆಂಟಮ್ಮ ಪೊರಕೆಯಿಂದ ಮೂಲೆಯ ಕಸದ ಗುಡ್ಡೆ ತೋರಿಸಿದಳು. ಪೆಂಟ ಎಂದರೆ ತಿಪ್ಪೆ. ಅವಳಿಗಿಂತ ಮುಂಚೆ ಹುಟ್ಟಿದ ಮೂರು ಕೂಸು ಉಳಿಯಲಿಲ್ಲವಂತೆ. ಇವಳು ಹುಟ್ಟಿದ ಕೂಡಲೇ ಅಜ್ಜಿ ತಿಪ್ಪೆಯ ಮೇಲೆ ಮಲಗಿಸಿ, ಯಾರಿಗೂ ಬೇಡಾದ್ದು ಎಂದು ಹೇಳಿ ಬಂದಳಂತೆ. ಓಣಿಯ ಹೆಂಗಸೊಬ್ಬಳು ಎತ್ತಿಕೊಂಡು ಬಂದು, ತಿಪ್ಪೆಯಲ್ಲಿ ಸಿಕ್ಕಿತು, ಸಾಕಿಕೊಳ್ಳಿ ಎಂದು ಕೊಟ್ಟಳಂತೆ. ಒಯ್ಯಲು ಬಂದವನು ತಿಪ್ಪೆಯದು ಅಂತ ಬಿಟ್ಟು ಹೋದ ಎಂದು ಪೆಂಟಮ್ಮ ಕೆಂಪು ಬಾಯಿ ತೆರೆದು ನಕ್ಕಳು.

ಅತ್ತೆ ನನ್ನ ತೊಡೆ ತಟ್ಟಿದರು. "ನಮ್ಮಲ್ಲೂ ಹಿಂಗ ಐತಲ್ಲ ಗಿರಿಜವ್ವಾ. ತಿಪ್ಪವ್ವ. ನಮ್ಮೂರಾಗ ಎಷ್ಟ ಮಂದಿ ತಿಪ್ಪವ್ವಗಳು ಮೊಮ್ಮಕ್ಕಳ್ನ ಆಡಸಾಕತ್ತಾರ. ನನ್ನ ತಲಿಗ್ಯಾಕ ಹೊಳೀಲಿಲ್ಲ?"

"ಅತ್ತಿ, ಆ ಹೆಸರು ಬ್ಯಾಡ್ರಿ," ಎಂದೆ. ಬಸುರಿನಲ್ಲಿ ನಾನು ಎಷ್ಟೋ ಚಂದದ ಹೆಸರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

"ಚಂದಂದು ಕಣ್ಣಿಗಿ ಬೀಳತೈತಿ," ಎಂದರು ಅತ್ತೆ. ಮಾತು ಮುಗಿಯಿತು.

ಮುಗಿಯಲಿಲ್ಲ. ಕೂಸನ್ನು ಪೆಟ್ಟಿಗೆಯಿಂದ ತೆಗೆಯುವಂತಿಲ್ಲ, ತಿಪ್ಪೆಗೆ ಒಯ್ಯುವುದು ಹೇಗೆ? ಅತ್ತೆ ಅದಕ್ಕೂ ದಾರಿ ಹುಡುಕಿದರು. ಕೂಸಿನ ಬದಲು ಕುಂಚಿಗೆ. ಅದನ್ನು ತಿಪ್ಪೆಗೆ ಹಾಕಿ ತಂದು ಕೂಸಿಗೆ ಹೊದಿಸಿದರೆ ಸಾಕು. ಆಸ್ಪತ್ರೆಯ ಹಿಂದಿನ ಕಬ್ಬಿಣದ ಕಸದ ತೊಟ್ಟಿಯ ತನಕ ಹೋಗಿ ನೋಡಿ ಬಂದರು. ಅದರಲ್ಲಿ ರಕ್ತದ ಹತ್ತಿ, ಸೂಜಿ. ನಾನು ಕುಂಚಿಗೆಯನ್ನು ಎದೆಗೆ ಅವುಚಿಕೊಂಡು ಕೊಡುವುದಿಲ್ಲ ಎಂದೆ. ಡಾಕ್ಟರಮ್ಮ ಒಂದು ಧೂಳಿನ ಕಣಕ್ಕೂ ಹೆದರುವವರು. ಸಂಪ್ರದಾಯ ಬಿಟ್ಟರೆ ಕೂಸು ಹೋದೀತು, ಮಾಡಿದರೂ ಹೋದೀತು. ಎರಡು ಹೆದರಿಕೆಯ ನಡುವೆ ನಾನು ಆ ಬೆಂಚಿನ ಮೇಲೆ ಅಲ್ಲಾಡದೆ ಕೂತೆ.

ಇದರ ಮೇಲೆ ವರ್ಷ ಮುಗಿಯುವ ಹೆದರಿಕೆ ಬೇರೆ. ಡಿಸೆಂಬರ್ ಕೊನೆಯ ದಿನ ರಾತ್ರಿ ಕರೆಂಟು ಹೋಗುತ್ತದಂತೆ, ವಿಮಾನ ಬೀಳುತ್ತವಂತೆ, ಲಿಫ್ಟು ನಡುವೆಯೇ ನಿಲ್ಲುತ್ತದಂತೆ. ವರಾಂಡದಲ್ಲಿ ಎಲ್ಲರ ಬಾಯಲ್ಲೂ ಅದೇ. ಇವರು ಆ ರಾತ್ರಿ ಆಫೀಸಿನಲ್ಲೇ ಇರಬೇಕಿತ್ತು. ಅಂದು ಮಧ್ಯಾಹ್ನ ಆಸ್ಪತ್ರೆಗೆ ಬಂದಾಗ ನಾನು ಅಂಗಿಯ ತೋಳು ಹಿಡಿದು ಕೇಳಿದೆ.

"ರೀ, ಅದರಾಗ ತಾರೀಖು ಐತೇನ್ರಿ?"

"ಯಾವುದರಾಗ?"

"ಕೂಸಿನ ಪೆಟಗ್ಯಾಗ. ನಿಮ್ಮ ಬ್ಯಾಂಕಿನ ಮಿಶನ್ ವರ್ಷ ಮರೀತಾವು ಅಂದ್ರಿ. ಇದೂ ಮರತ್ರ?"

ಇವರು ನಗಲಿಲ್ಲ. ಅದಕ್ಕೆ ಇವತ್ತಿಗೂ ಋಣಿ. ಒಳಗೆ ಕೇಳಿಕೊಂಡು ಹೋಗಿ, ಯಂತ್ರ ನೋಡಿಕೊಳ್ಳುವವನನ್ನು ಕರೆಸಿ, ಪೆಟ್ಟಿಗೆಯ ಹಿಂದೆ ಬಗ್ಗಿ ಪೂರ್ತಿ ನೋಡಿ ಬಂದರು.

"ಇಲ್ಲ ಗಿರಿಜಾ. ಅದಕ್ಕ ತಾರೀಖು ಗೊತ್ತ ಇಲ್ಲ, ವರ್ಷಾನೂ ಗೊತ್ತಿಲ್ಲ. ಬೆಚ್ಚಗ ಇಡೂದೊಂದ ಗೊತ್ತು."

ನಾನು ಬೆಂಚಿಗೆ ಒರಗಿ ಕೂತೆ. ಅಷ್ಟರಲ್ಲಿ ಅತ್ತೆ, "ಮಲ್ಲೂ, ಆ ಚಿತ್ರ ಕಸದಾಗ ಒಗಿಯುವಂಥವು ಅಂದಿದ್ಯಲ್ಲ, ಖರೇನ?" ಎಂದರು.

"ಖರೇ ಅವ್ವಾ. ಯಾಕ?"

"ಮೂರು ಕಾಸಿಗೂ ಯಾರಿಗೂ ಬ್ಯಾಡಾದವು?"

"ಯಾರಿಗೂ ಬ್ಯಾಡ."

"ಹಂಗಂದ್ರ ಅದ ತಿಪ್ಪಿ. ಸ್ವಚ್ಛ ತಿಪ್ಪಿ. ಹೋಗು, ತಗೊಂಡ ಬಾ."

ನಾನು ಬೇಡವೆನ್ನಲು ಬಾಯಿ ತೆರೆದೆ. ಯಾವ ಡಬ್ಬಿಯನ್ನು ಹೊಸ್ತಿಲ ಹೊರಗೆ ಹಾಕಿಸಿದ್ದೆನೋ ಅದೇ ಕೂಸಿನ ಬಾಗಿಲಿಗೆ ಬರುವುದೆ? ಇವರು ನನ್ನ ಮುಖ ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಪಕ್ಕದಲ್ಲಿ ಕೂತು, ಅತ್ತೆಗೆ ಕೇಳದಷ್ಟು ಮೆಲ್ಲಗೆ ಹೇಳಿದರು.

"ವಾಲ್ಟರ್ ನನಗ ಮಕ್ಕಳೆಷ್ಟು ಅಂತ ಕೇಳಿದ್ದ. ಒಬ್ಬ, ಒಂದ ದಿನ ಇದ್ದ ಅಂದೆ. ಮರುದಿನ ಇಂಥಾ ಒಂದ ಕಾರ್ಡು ತಂದು ತೋರಿಸಿದ. ಒಂದ ದಿನ ಆಡಿದವನು ಗಿರಿಜಾ, ಆದ್ರೂ ಹೆಸರು ಬರದಾರ. ಎಷ್ಟ ಎತ್ತರ ಇದ್ದ, ಯಾವೂರಾವ, ಎಲ್ಲಾ. ಬಂದಿದ್ದ ಅಂತ ಬರದಾರ. ಅದಕ್ಕ ತಂದೆ. ಅಪಶಕುನಕ್ಕಲ್ಲ."

ನಾನು ಇಷ್ಟು ದಿನ ಅದರಲ್ಲಿ ಹೋದದ್ದನ್ನೇ ನೋಡಿದ್ದೆ. ಇವರು ಬಂದದ್ದನ್ನು ನೋಡಿದ್ದರು. "ತಗೊಂಡ ಬರ್ರಿ," ಎಂದೆ.

ಸ್ಕೂಟರಿನಲ್ಲಿ ಹೋಗಿ ತಂದರು. ವರಾಂಡದ ಮೂಲೆಯಲ್ಲಿ ಅತ್ತೆ ಮುಚ್ಚಳ ತೆಗೆದು, ಆ ಹುಡುಗರೆಲ್ಲರ ಮೇಲೆ ಕುಂಚಿಗೆಯನ್ನು ಮಲಗಿಸಿದರು. "ಯಾರಿಗೂ ಬ್ಯಾಡಾದ್ದು ಇದು. ನಮಗೂ ಬ್ಯಾಡ," ಎಂದು ಗಟ್ಟಿಯಾಗಿ ಹೇಳಿ ಬೆನ್ನು ತಿರುಗಿಸಿದರು. ಪೆಂಟಮ್ಮ ಕೈ ತೊಳೆದುಕೊಂಡು ಬಂದು ಕುಂಚಿಗೆ ಎತ್ತಿ ನನ್ನ ಉಡಿಗೆ ಹಾಕಿ, "ಪೆಂಟಲ ದೊರಿಕಿಂದಮ್ಮಾ, ಪೆಂಚುಕೋ," ಎಂದಳು. ತಿಪ್ಪೆಯಲ್ಲಿ ಸಿಕ್ಕಿತು, ಸಾಕಿಕೋ. ನಾನು ಸೆರಗಿನಲ್ಲಿ ಮುಚ್ಚಿಕೊಂಡೆ. ಬಬಲ್‌ಗಮ್ಮಿನ ವಾಸನೆ ಎದೆ ತುಂಬ ಬಂತು. ಹೆದರಿಕೆ ಹೋಗಲಿಲ್ಲ, ಆದರೆ ಹೆದರಿಕೆಗೆ ಒಂದು ಸಂಗಾತಿ ಸಿಕ್ಕಂತಾಯಿತು.

ನರ್ಸು ಬಂದು, ಬಿಸಿನೀರಲ್ಲಿ ಕುದಿಸದೆ ಒಳಗೆ ಬಿಡುವುದಿಲ್ಲ ಎಂದು ಕುಂಚಿಗೆ ತೆಗೆದುಕೊಂಡಳು.

"ಕುದಿಸಿದ್ರ ತಿಪ್ಪಿ ಹೋಗಂಗಿಲ್ಲೇನೋ ಮಲ್ಲೂ?" ಎಂದು ಅತ್ತೆಗೆ ಚಿಂತೆ.

"ಬಟ್ಟಿ ಕುದೀತೈತಿ, ಅವ್ವಾ. ಹೆಸರು ಕುದಿಯಂಗಿಲ್ಲ," ಎಂದರು ಇವರು. ಆಮೇಲೆ ಕೈಚೀಲ ಹೆಗಲಿಗೆ ಹಾಕಿಕೊಂಡು, "ಬರ್ತೀನಿ," ಎಂದು ನನ್ನ ಕಣ್ಣು ನೋಡಿ ಹೇಳಿ ಆಫೀಸಿಗೆ ಹೊರಟರು.

ಸಂಜೆ ಹಾಲಿನ ಹೊತ್ತಿಗೆ ನಾನು ಒಳಗೆ ಹೋದೆ. ಮೂಡಣ ದೇಶಗಳಲ್ಲಿ ಆಗಲೇ ಹೊಸ ವರ್ಷ ಬಂದಿದೆ, ಏನೂ ಆಗಿಲ್ಲ ಎಂದು ಟೀವಿಯಲ್ಲಿ ಹೇಳಿದರಂತೆ. ನರ್ಸುಗಳು ಹಗುರವಾಗಿ ಮಾತಾಡುತ್ತಿದ್ದರು. ಕುದಿಸಿ ಆರಿಸಿದ ಕುಂಚಿಗೆ ಕೂಸಿನ ತಲೆಯ ಮೇಲಿತ್ತು. ಮುಖ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ದೊಡ್ಡದಾಗಿತ್ತು. ಮನೆಯಲ್ಲಾದರೆ ಈಗ ದೀಪ ಹಚ್ಚುವ ಹೊತ್ತು ಎಂದುಕೊಂಡೆ. ಆ ಹೊತ್ತಿಗೇ ಕರೆಂಟು ಹೋಯಿತು.

ಎಲ್ಲ ಯಂತ್ರಗಳ ಸದ್ದು ಒಮ್ಮೆಗೇ ನಿಂತಿತು. ಅಂಥ ಮೌನ ನಾನು ಕೇಳಿಲ್ಲ. ಹೊರಗೆ ಯಾರೋ, ಶುರು ಹೋಗಯಾ, ಶುರುವಾಯಿತು, ಎಂದರು. ನರ್ಸುಗಳಿಬ್ಬರು ಆಚೆ ಕಡೆಯ ಕೂಸುಗಳ ಹತ್ತಿರ ಓಡಿದರು. ಕಿಟಕಿಯಲ್ಲಿ ಉಳಿದಿದ್ದ ತುಸು ಬೆಳಕಿನಲ್ಲಿ ನನ್ನ ಕೂಸಿನ ಎದೆ ನೋಡಿದೆ. ಏರಲಿಲ್ಲ. ಕಾದೆ. ಏರಲಿಲ್ಲ. ದೀಪ ಹಚ್ಚುವ ಹೊತ್ತು, ಅವನು ಹೋದ ಹೊತ್ತು. ಕೂಗಲು ಬಾಯಿ ತೆರೆದರೆ ದನಿ ಬರಲಿಲ್ಲ. ಕಿಂಡಿಯಲ್ಲಿ ಕೈ ಹಾಕಿದೆ. ಹುಣಸೆಬೀಜದಷ್ಟಿದ್ದ ಹಿಮ್ಮಡಿ ಸಿಕ್ಕಿತು. ನರ್ಸು ಮಾಡುವಂತೆ ಅಂಗಾಲಿಗೆ ಬೆರಳಿನಿಂದ ಹೊಡೆದೆ. ಮತ್ತೊಮ್ಮೆ ಹೊಡೆದೆ. ಆಗ ನನ್ನ ಬಾಯಿಂದ ಬಂದದ್ದು ಶಿವನ ಹೆಸರಲ್ಲ, ನಾನು ಇಟ್ಟುಕೊಂಡಿದ್ದ ಚಂದದ ಹೆಸರುಗಳಲ್ಲ.

"ತಿಪ್ಪವ್ವಾ."

ಕಾಲು ಝಾಡಿಸಿತು. ಕುಂಚಿಗೆಯೊಳಗಿಂದ ಬೆಕ್ಕಿನ ಮರಿಯ ಸದ್ದಲ್ಲ, ಕೂಸಿನ ಅಳು ಬಂತು. ಸಿಟ್ಟಿನ ಅಳು. ಹೊರಗೆ ಜನರೇಟರು ಗುಡುಗಿ ದೀಪ ಬಂತು. ನರ್ಸು ಓಡಿ ಬಂದು ನನ್ನ ಕೈ ನೋಡಿ ಹೆಗಲು ಒತ್ತಿದಳು. ಅದು ಬರೀ ದಿನವೂ ಹೋಗುವ ಕರೆಂಟಂತೆ. ವರ್ಷಕ್ಕೂ ಅದಕ್ಕೂ ಸಂಬಂಧವಿರಲಿಲ್ಲವಂತೆ.

ಮರುದಿನ ಬೆಳಿಗ್ಗೆ ಇವರು ಕೆಂಪು ಕಣ್ಣು ಮಾಡಿಕೊಂಡು ಬಂದರು. ಎಲ್ಲ ಕಂಪ್ಯೂಟರುಗಳಿಗೂ ವರ್ಷ ನೆನಪಿತ್ತು. ಡಾಕ್ಟರಮ್ಮ ನೋಡಿ, "ಆಜ್ ಕಾ ದಿನ್ ದೇಖೇಂಗೆ," ಎಂದರು. ಅಂದು ಆ ಮಾತು ನನಗೆ ಬೇರೆಯಾಗಿ ಕೇಳಿಸಿತು. ಇವತ್ತಿನ ದಿನ ಇದೆ, ನೋಡೋಣ.

ಸಂಕ್ರಾಂತಿ ಕಳೆದ ಮೇಲೆ ಕೂಸು ಮನೆಗೆ ಬಂತು. ಆರತಿ ಎತ್ತಿ ಒಳಗೆ ಕರೆದುಕೊಂಡ ಅತ್ತೆ, ಹಿಂದೆ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಮಗನನ್ನು ನೋಡಿ ನನ್ನ ಮುಖ ನೋಡಿದರು. ಒಳಗೆ ತರ್ರಿ ಎಂದೆ. ತೊಟ್ಟಿಲು ಕಟ್ಟಿದ ದಿನ ಅತ್ತೆ ಕೂಸಿನ ಕಿವಿಯಲ್ಲಿ ತಿಪ್ಪವ್ವ ಎಂದು ಕೂಗಿದರು. ಶಾಲೆಗೆ ತೃಪ್ತಿ ಎಂದು ಬರೆಸಿದೆವು. "ತೃಪ್ತಿ ಗಿಪ್ತಿ ನಿಮ್ಮ ಸಾಲಿಗಿ ಇರಲಿ," ಎಂದು ಅತ್ತೆ ಕೊನೆಯವರೆಗೂ ಒಪ್ಪಲಿಲ್ಲ.

ಆ ತೊಟ್ಟಿಲ ದಿನ ನೆಂಟರೆಲ್ಲ ಎದ್ದ ಮೇಲೆ ನಾನು ಸಿಹಿ ಪೊಟ್ಟಣದ ರಟ್ಟನ್ನು ಕಾರ್ಡಿನ ಅಳತೆಗೆ ಕತ್ತರಿಸಿ ಇವರ ಮುಂದಿಟ್ಟೆ.

"ಅವಂದೂ ಬರೀರಿ," ಎಂದೆ.

ಇವರು ಪೆನ್ನು ತೆಗೆದರು. ತೂಕ ನೆನಪಿತ್ತು, ಬರೆದರು. ಊರು ಬರೆದರು. ಆಡಿದ್ದು ಒಂದು ದಿನ ಎಂದು ಬರೆದರು. "ಹೆಸರು?" ಎಂದು ಕೇಳಿದರು.

ತೊಟ್ಟಿಲು ತೂಗುತ್ತಿದ್ದ ಅತ್ತೆ ತಿರುಗದೆಯೇ ಹೇಳಿದರು: "ಚನ್ನಬಸಪ್ಪ ಅಂತ ಬರಿ. ನಿಮ್ಮಪ್ಪನ ಹೆಸರು. ಅವಗಂತ ಇಟ್ಟಿದ್ದೆ."

ಬರೆದರು. ಫೋಟೋದ ಬದಿ ಖಾಲಿಯೇ ಉಳಿಯಿತು. ಅವನನ್ನು ಅವರೆಲ್ಲರ ನಡುವೆ ಇಟ್ಟು ಮುಚ್ಚಳ ಹಾಕಿದೆ. ಆಮೇಲೆ ಅದೇ ಕಪ್ಪು ಪೆನ್ನು ತೆಗೆದುಕೊಂಡು, 'ಬಂದು ಹೋದವರು' ಎಂಬಲ್ಲಿ ನಡುವಿನ 'ದು ಹೋ' ಎರಡನ್ನೂ ಹೊಡೆದುಹಾಕಿದೆ.

ಈಗ ತಿಪ್ಪವ್ವ ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ಲ್ಯಾಬಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಾಳೆ. ಅವಸರದಲ್ಲಿ ಒಮ್ಮೊಮ್ಮೆ "ಹೊಂಟೆ" ಎಂದುಬಿಡುತ್ತಾಳೆ. ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಅವಳು ನಗುತ್ತ, "ಬರ್ತೀನವ್ವ, ಬರ್ತೀನಿ," ಎನ್ನುವ ತನಕ ಸರಿಯುವುದಿಲ್ಲ. ಹೆದರಿಕೆ ಇಷ್ಟು ವರ್ಷವಾದರೂ ಹೋಗಿಲ್ಲ, ಮನೆಯವರಲ್ಲಿ ಒಬ್ಬರಂತೆ ಇದೆ. ಅವಳು ಬಸ್ಸು ಹತ್ತಿದ ಮೇಲೆ ಒಳಗೆ ಬಂದು ದೇವರ ಮಾಡಕ್ಕೆ ಕೈ ಮುಗಿಯುತ್ತೇನೆ. ಕೆಳಗಿನ ಗೂಡಿನಲ್ಲಿ ಡಬ್ಬಿ ಇದೆ. ಮುಚ್ಚಳದ ಅಕ್ಷರ ಮಾಸಿದೆ, ಓದಬಹುದು: ಬಂದವರು.